ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ಸುಟ್ಟವರು ಯಾರು? ಓದಿದ್ದನ್ನು ತೂಗಿ ನೋಡುವ ಬಗೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಸ್ವಂತ ಕಣ್ಣಿನಿಂದ ಕಂಡದ್ದನ್ನೂ ಪರೀಕ್ಷಿಸು ಎಂದ ಆ ಹಿರಿಯರು, ಯಾರೋ ಬರೆದು ಇನ್ಯಾರೋ ಅಚ್ಚು ಹಾಕಿಸಿದ್ದನ್ನು ಹಾಗೆಯೇ ನಂಬು ಎಂದು ಹೇಳಿಯಾರೆ? ಆದರೆ ಇಂದು ನಾವು ಮಾಡುತ್ತಿರುವುದು ಅದನ್ನೇ. ತರಗತಿಯಲ್ಲಿ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ‘ಪುಸ್ತಕದಲ್ಲಿದೆ ಸರ್’ ಎಂಬ ಉತ್ತರ ತಟ್ಟನೆ ಬರುತ್ತದೆ. ಆ ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ತರಗತಿಯೇ ಮೌನವಾಗುತ್ತದೆ.

ಪ್ರಿಯ ಓದುಗರೇ, ಆ ಎರಡನೆಯ ಪ್ರಶ್ನೆಯನ್ನು ಕೇಳುವ ಕಲೆ ನಮಗೆ ಹೊಸದಲ್ಲ. ಉರ್ದು ಸಾಹಿತ್ಯದ ಪರಿಚಯವಿರುವವರಿಗೆ ‘ರಿವಾಯತ್’ ಮತ್ತು ‘ದಿರಾಯತ್’ ಎಂಬ ಎರಡು ಪದಗಳು ಗೊತ್ತಿರುತ್ತವೆ. ಸುದ್ದಿಯನ್ನು ಯಾರು ಯಾರಿಂದ ಕೇಳಿ ಯಾರಿಗೆ ಹೇಳಿದರು, ಆ ಸರಪಳಿಯ ಕೊಂಡಿಗಳು ಗಟ್ಟಿಯಾಗಿವೆಯೇ ಎಂದು ನೋಡುವುದು ರಿವಾಯತ್‌ನ ಪರೀಕ್ಷೆ. ತಂದವರು ಯಾರೇ ಇರಲಿ, ಆ ಸುದ್ದಿ ಬುದ್ಧಿಗೆ ಒಪ್ಪುತ್ತದೆಯೇ, ಲೆಕ್ಕಕ್ಕೆ ಕೂಡುತ್ತದೆಯೇ, ಆ ಕಾಲದಲ್ಲಿ ಅದು ಸಾಧ್ಯವಿತ್ತೇ ಎಂದು ನೋಡುವುದು ದಿರಾಯತ್‌ನ ಪರೀಕ್ಷೆ. ಹದೀಸ್ ಸಂಗ್ರಾಹಕರು ಒಂದೊಂದು ಮಾತಿಗೂ ಹೇಳಿದವರ ಹೆಸರುಗಳ ಸರಪಳಿಯನ್ನು ಜೋಡಿಸುತ್ತಿದ್ದರು. ಆ ವ್ಯಕ್ತಿಗಳು ನಂಬಿಕೆಗೆ ಅರ್ಹರೇ ಎಂದು ವಿಚಾರಿಸಲೆಂದೇ ಒಂದು ಶಾಸ್ತ್ರ ಬೆಳೆಯಿತು. ಈ ಎರಡು ಪರೀಕ್ಷೆಗಳನ್ನು ಒಂದು ಪ್ರಸಿದ್ಧ ಕಥೆಯ ಮೇಲೆ ಪ್ರಯೋಗಿಸಿ ನೋಡೋಣ. ಅದು ನಮ್ಮ ಮನಸ್ಸಿಗೆ ನೋವು ತರುವ ಕಥೆ. ಆದ್ದರಿಂದಲೇ ಅದನ್ನು ಆರಿಸಿಕೊಂಡಿದ್ದೇನೆ.

ಕಥೆ ಏನು ಹೇಳುತ್ತದೆ?

ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಟಾಲೆಮಿ ವಂಶದ ಗ್ರೀಕ್ ಅರಸರು ಒಂದು ಮಹಾ ಗ್ರಂಥಾಲಯವನ್ನು ಸ್ಥಾಪಿಸಿದರು. ಕ್ರಿ.ಶ. 642ರಲ್ಲಿ ಅರಬ್ ಸೇನಾನಿ ಅಮ್ರ್ ಬಿನ್ ಆಸ್(ರ) ಅವರ ಸೈನ್ಯ ಆ ನಗರವನ್ನು ಪ್ರವೇಶಿಸಿತು. ಆಗ ಯಹ್ಯಾ ಎಂದು ಅರಬರು ಕರೆಯುತ್ತಿದ್ದ ಜಾನ್ ಎಂಬ ವ್ಯಾಕರಣ ಪಂಡಿತನು ಅಮ್ರ್ ಅವರ ಸ್ನೇಹ ಗಳಿಸಿ, ರಾಜ ಭಂಡಾರದ ಪುಸ್ತಕಗಳನ್ನು ತನಗೆ ಕೊಡಿರೆಂದು ಕೇಳಿಕೊಂಡನಂತೆ. ಅಮ್ರ್ ಮದೀನಾದಲ್ಲಿದ್ದ ಖಲೀಫಾ ಹಝ್ರತ್ ಉಮರ್(ರ) ಅವರಿಗೆ ಪತ್ರ ಬರೆದರಂತೆ. ಆ ಪುಸ್ತಕಗಳು ದೇವಗ್ರಂಥಕ್ಕೆ ಅನುಗುಣವಾಗಿದ್ದರೆ ಅವುಗಳ ಅಗತ್ಯವಿಲ್ಲ, ವಿರುದ್ಧವಾಗಿದ್ದರೆ ಅವು ಬೇಡವೇ ಬೇಡ, ಎರಡೂ ರೀತಿಯಲ್ಲಿ ನಾಶ ಮಾಡಿರಿ ಎಂಬ ಉತ್ತರ ಬಂತಂತೆ. ಪುಸ್ತಕಗಳನ್ನು ನಗರದ ಹಮಾಮುಗಳಿಗೆ, ಅಂದರೆ ಸಾರ್ವಜನಿಕ ಸ್ನಾನಗೃಹಗಳಿಗೆ ಉರುವಲಾಗಿ ಹಂಚಲಾಯಿತಂತೆ. ಆರು ತಿಂಗಳ ಕಾಲ ಆ ಪುಸ್ತಕಗಳನ್ನು ಉರಿಸಿ ನೀರು ಕಾಯಿಸಿದರಂತೆ.

ಈ ಕಥೆಯನ್ನು ನೀವು ಎಲ್ಲಾದರೂ ಓದಿರಬಹುದು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಭಾಷಣಗಳಲ್ಲಿ, ಈಗ ಮೊಬೈಲ್ ಸಂದೇಶಗಳಲ್ಲಿ ಅದು ತಿರುಗುತ್ತಲೇ ಇರುತ್ತದೆ. ಓದಿದ ಮುಸ್ಲಿಂ ವಿದ್ಯಾರ್ಥಿಯ ಎದುರು ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ನಾಚಿಕೆಯಿಂದ ತಲೆ ತಗ್ಗಿಸುವುದು ಒಂದು, ಸಿಟ್ಟಿನಿಂದ ‘ಎಲ್ಲ ಸುಳ್ಳು’ ಎಂದು ಕೂಗುವುದು ಇನ್ನೊಂದು. ಎರಡಕ್ಕೂ ಓದುವ ಶ್ರಮ ಬೇಕಿಲ್ಲ. ಮೂರನೆಯದು ವಿಚಾರಣೆಯ ದಾರಿ. ಅದಕ್ಕೆ ಸ್ವಲ್ಪ ಶ್ರಮ ಬೇಕು.

ಮೊದಲ ಪರೀಕ್ಷೆ: ಹೇಳಿದವರು ಯಾರು, ಯಾವಾಗ?

ಘಟನೆ ನಡೆಯಿತೆನ್ನುವುದು 642ರಲ್ಲಿ. ನಮಗೆ ದೊರೆಯುವ ಮೊದಲ ಉಲ್ಲೇಖ ಸುಮಾರು 1200ರದ್ದು. ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್ ಅವರು ಈಜಿಪ್ಟಿನ ಬಗ್ಗೆ ಬರೆಯುತ್ತಾ, ಅಲೆಕ್ಸಾಂಡ್ರಿಯಾದ ಒಂದು ದೊಡ್ಡ ಕಂಬವನ್ನು ವರ್ಣಿಸುವಾಗ ಇದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಪಂಡಿತ ಜಾನ್, ಪತ್ರ, ಉತ್ತರ, ಆರು ತಿಂಗಳು ಎಲ್ಲ ಸೇರಿದ ಪೂರ್ಣ ಕಥೆ ಬರುವುದು 1248ರಲ್ಲಿ ತೀರಿಕೊಂಡ ಇಬ್ನುಲ್ ಖಿಫ್ತೀ ಅವರ ವಿದ್ವಾಂಸರ ಚರಿತ್ರೆಯಲ್ಲಿ. ಘಟನೆಗೂ ಮೊದಲ ಬರಹಕ್ಕೂ ನಡುವೆ ಐದೂವರೆ ಶತಮಾನಗಳಿಗಿಂತ ಹೆಚ್ಚಿನ ಅಂತರ! ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕೃಷ್ಣದೇವರಾಯನಿಗಿಂತ ಅರ್ಧ ಶತಮಾನ ಹಿಂದಿನ ಒಂದು ಘಟನೆಯನ್ನು ಇಂದು ಮೊದಲ ಬಾರಿಗೆ ಒಬ್ಬರು ಬರೆದಂತೆ. ಅವರಿಗೆ ಅದನ್ನು ಹೇಳಿದವರು ಯಾರು? ಸರಪಳಿಯಲ್ಲಿ ನಡುವಿನ ಒಂದು ಕೊಂಡಿಯೂ ಇಲ್ಲ.

ಹಾಗಾದರೆ ಘಟನೆಗೆ ಹತ್ತಿರದವರು ಏನು ಬರೆದರು? ನಿಕಿಯು ಎಂಬ ಊರಿನ ಬಿಷಪ್ ಜಾನ್ 7ನೇ ಶತಮಾನದವರು, ಈಜಿಪ್ಟಿನ ಕ್ರೈಸ್ತರು. ಅರಬರ ವಿಜಯದ ಬಗ್ಗೆ ವಿವರವಾಗಿ ಬರೆದರು. ಅರಬ್ ಸೈನ್ಯ ಮಾಡಿದ ಹಿಂಸೆಯನ್ನು ಅವರು ಮುಚ್ಚಿಡಲಿಲ್ಲ. ಆದರೆ ಗ್ರಂಥಾಲಯದ ಸುದ್ದಿ ಅವರಲ್ಲಿಲ್ಲ. 10ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲೇ ಕ್ರೈಸ್ತ ಧರ್ಮಾಧ್ಯಕ್ಷರಾಗಿದ್ದ ಯೂಟಿಕಿಯಸ್ ಅರಬ್ಬಿಯಲ್ಲಿ ಇತಿಹಾಸ ಬರೆದರು. ಅವರಲ್ಲೂ ಇಲ್ಲ. ಈಜಿಪ್ಟಿನ ವಿಜಯದ ಬಗ್ಗೆಯೇ ಗ್ರಂಥ ರಚಿಸಿದ ಇಬ್ನ್ ಅಬ್ದುಲ್ ಹಕಮ್, ಬಲಾಝುರೀ, ತಬರೀ ಇವರಾರಲ್ಲೂ ಇಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮೌನವೇ ಪೂರ್ಣ ಸಾಕ್ಷಿಯಲ್ಲ. ಬಿಷಪ್ ಜಾನ್ ಅವರ ಗ್ರಂಥ ಇಂದು ಮೂಲ ರೂಪದಲ್ಲಿ ಉಳಿದಿಲ್ಲ. ಅರಬ್ಬಿಯಿಂದ ಇಥಿಯೋಪಿಯದ ಭಾಷೆಗೆ ಆದ ಅನುವಾದ ಮಾತ್ರ ಇದೆ, ಅದರಲ್ಲಿಯೂ ಭಾಗಗಳು ಕಳೆದುಹೋಗಿವೆ. ಒಬ್ಬರು ಸುಮ್ಮನಿದ್ದರೆ ಅದಕ್ಕೆ ನೂರು ಕಾರಣ ಇರಬಹುದು. ಬೇರೆ ಬೇರೆ ಧರ್ಮದ, ಬೇರೆ ಬೇರೆ ಕಾಲದ, ಹೇಳಲು ಕಾರಣವಿದ್ದ ಹಲವರು ಸುಮ್ಮನಿದ್ದರೆ ಮಾತ್ರ ಆ ಮೌನಕ್ಕೆ ತೂಕ ಬರುತ್ತದೆ.

ಎರಡನೆಯ ಪರೀಕ್ಷೆ: ಲೆಕ್ಕ ಕೂಡುತ್ತದೆಯೇ?

ವಿದ್ಯಾರ್ಥಿಗಳೇ, ಈಗ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಅಲೆಕ್ಸಾಂಡ್ರಿಯಾದಲ್ಲಿ 4,000 ಹಮಾಮುಗಳಿದ್ದವೆಂದು ಅದರ ವಿಜಯವನ್ನು ವರ್ಣಿಸುವ ಹಳೆಯ ಗ್ರಂಥಗಳು ಹೇಳುತ್ತವೆ. ಆರು ತಿಂಗಳೆಂದರೆ ಸುಮಾರು 180 ದಿನ. ಎರಡನ್ನೂ ಗುಣಿಸಿದರೆ 7,20,000. ಇನ್ನು ಪುಸ್ತಕಗಳೆಷ್ಟು? ಪ್ರಾಚೀನ ಲೇಖಕರು ಕೊಡುವ ಸಂಖ್ಯೆಗಳಲ್ಲಿ ಅತಿ ದೊಡ್ಡದೆಂದರೆ 7 ಲಕ್ಷ. ಅಂದರೆ ಒಂದು ಹಮಾಮಿಗೆ ದಿನಕ್ಕೆ ಒಂದು ಪುಸ್ತಕವೂ ಪೂರ್ತಿ ಸಿಗುವುದಿಲ್ಲ! ಇಬ್ನುಲ್ ಖಿಫ್ತೀ ಅವರ ಕಥೆಯೊಳಗೇ ಬರುವ 54,120 ಎಂಬ ಸಂಖ್ಯೆಯನ್ನು ಹಿಡಿದರಂತೂ ಒಂದು ಹಮಾಮಿಗೆ ಹದಿಮೂರು ದಿನಕ್ಕೊಂದು ಪುಸ್ತಕ. ಮನೆಯಲ್ಲಿ ಒಲೆ ಹಚ್ಚಿ ಒಂದು ಹಂಡೆ ನೀರು ಕಾಯಿಸಿದವರಿಗೆ ಅದಕ್ಕೆ ಎಷ್ಟು ಸೌದೆ ಬೇಕೆಂದು ಗೊತ್ತು. ಊರಿನ ಜನ ಸ್ನಾನ ಮಾಡುವ ಹಮಾಮನ್ನು ದಿನಕ್ಕೊಂದು ಪುಸ್ತಕದಿಂದ ಕಾಯಿಸಲು ಸಾಧ್ಯವೇ? ಅದರಲ್ಲೂ ಆ ಕಾಲದ ಎಷ್ಟೋ ಪುಸ್ತಕಗಳು ಚರ್ಮದ ಹಾಳೆಯವು. ಚರ್ಮ ಸರಿಯಾಗಿ ಉರಿಯುವುದೂ ಇಲ್ಲ.

ಇನ್ನೊಂದು ಲೆಕ್ಕ ಆ ಪಂಡಿತ ಜಾನ್‌ನ ವಯಸ್ಸಿನದು. ಆತ ಕಾಲ್ಪನಿಕ ವ್ಯಕ್ತಿಯಲ್ಲ. ಜಾನ್ ಫಿಲೋಪೋನಸ್ ಎಂಬ ಪ್ರಸಿದ್ಧ ತತ್ವಜ್ಞಾನಿ. ಆತನ ಒಂದು ಮುಖ್ಯ ಗ್ರಂಥ 529ರದ್ದು ಎಂಬುದು ಖಚಿತ. ಅದನ್ನು ಬರೆದಾಗ ಆತನಿಗೆ ಬರೀ 20 ವರ್ಷವೆಂದು ಇಟ್ಟುಕೊಂಡರೂ 642ರಲ್ಲಿ ವಯಸ್ಸು 133 ಆಗಬೇಕು. ಅಂದರೆ ಅಮ್ರ್ ಅವರ ಬಳಿ ಪುಸ್ತಕ ಕೇಳಿದವನು ಎಷ್ಟೋ ಮೊದಲೇ ಸತ್ತು ಹೋಗಿದ್ದ.

ಮತ್ತೊಂದು ಮಾತು. ಪುಸ್ತಕ ನಾಶ ಮಾಡುವುದೇ ಉದ್ದೇಶವಾಗಿದ್ದರೆ ಒಂದು ದಿನ ರಾಶಿ ಹಾಕಿ ಬೆಂಕಿ ಕೊಟ್ಟರೆ ಸಾಕಿತ್ತು. ಊರ ತುಂಬ ಹಂಚಿ ಆರು ತಿಂಗಳು ಬಿಟ್ಟರೆ, ಬೇಕಾದವರು ನಾಲ್ಕು ಕಾಸು ಕೊಟ್ಟು ಹಮಾಮಿನವನಿಂದ ಕೊಂಡುಕೊಳ್ಳುತ್ತಿರಲಿಲ್ಲವೇ?

ಸುಡಲು ಅಲ್ಲಿ ಏನು ಉಳಿದಿತ್ತು?

ಇನ್ನೂ ಮುಖ್ಯವಾದ ಪ್ರಶ್ನೆ ಇದು. 642ರಲ್ಲಿ ಆ ಗ್ರಂಥಾಲಯ ಇತ್ತೇ? ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರ್ ಅಲೆಕ್ಸಾಂಡ್ರಿಯಾದಲ್ಲಿ ಯುದ್ಧದಲ್ಲಿ ಸಿಕ್ಕಿಬಿದ್ದು ಹಡಗುಗಳಿಗೆ ಬೆಂಕಿ ಹಚ್ಚಿಸಿದಾಗ ಆ ಬೆಂಕಿ ಗ್ರಂಥಾಲಯಕ್ಕೂ ಹಬ್ಬಿತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಸುಟ್ಟದ್ದು ಬಂದರಿನ ಉಗ್ರಾಣದಲ್ಲಿದ್ದ ಪುಸ್ತಕಗಳು ಮಾತ್ರ ಎಂದು ಭಾವಿಸುವ ವಿದ್ವಾಂಸರೂ ಇದ್ದಾರೆ. ಅದಾದ ಕೆಲವೇ ದಶಕಗಳಲ್ಲಿ ನಗರವನ್ನು ನೋಡಿ ವರ್ಣಿಸಿದ ಸ್ಟ್ರಾಬೋ, ಅರಮನೆಗೆ ಸೇರಿದ ವಿದ್ವಾಂಸರ ಮಂದಿರವನ್ನು ಹೇಳುತ್ತಾನೆ. ಆ ವರ್ಣನೆಯಲ್ಲಿ ಗ್ರಂಥಾಲಯದ ಮಾತೆತ್ತುವುದಿಲ್ಲ. ಸುಮಾರು 272ರಲ್ಲಿ ರೋಮನ್ ಚಕ್ರವರ್ತಿ ಔರೇಲಿಯನ್‌ನ ಕಾಲದ ಯುದ್ಧದಲ್ಲಿ ಅರಮನೆಯ ಬಡಾವಣೆಯೇ ಹಾಳಾಯಿತು. ಇವೆಲ್ಲ ಅಮ್ರ್ ಅವರಿಗಿಂತ ಎಷ್ಟೋ ಶತಮಾನ ಹಿಂದಿನ ಮಾತು.

7 ಲಕ್ಷ ಎಂಬ ಸಂಖ್ಯೆಯೂ ಅನುಮಾನದ್ದೇ. 2002ರಲ್ಲಿ ರೋಜರ್ ಬ್ಯಾಗ್ನಲ್ ಎಂಬ ವಿದ್ವಾಂಸರು ಇಂಥ ಸಂಖ್ಯೆಗಳು ನಂಬಲರ್ಹವಲ್ಲವೆಂದು ತೋರಿಸಿದರು. ಗ್ರಂಥಾಲಯವನ್ನು ಯಾರೋ ಒಬ್ಬರು ಒಂದು ದಿನ ಸುಟ್ಟರು ಎಂದು ಹುಡುಕುವುದಕ್ಕಿಂತ ಅದು ಮೆಲ್ಲಗೆ ಸತ್ತಿತೆನ್ನುವುದು ಹೆಚ್ಚು ಸಂಭವನೀಯ. ಪಪೈರಸ್ ಸುರುಳಿಗಳು ಕಾಲಕ್ರಮದಲ್ಲಿ ಮುರಿದು ಪುಡಿಯಾಗುತ್ತವೆ. ಪ್ರತಿ ಮಾಡಿಸಲು ಹಣ ಕೊಡುವ ಅರಸರಿಲ್ಲದೆ, ಪ್ರತಿ ಮಾಡುವ ಪಂಡಿತರಿಲ್ಲದೆ ಹೋದರೆ ಬೆಂಕಿಯೇ ಬೇಕಿಲ್ಲ. ನಿರ್ಲಕ್ಷ್ಯ ಸಾಕು. ನಮ್ಮ ಊರಿನ ಬೀಗ ಹಾಕಿದ ವಾಚನಾಲಯಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಥೆ ನಡೆದು ಬಂದ ದಾರಿ

ಇಬ್ನುಲ್ ಖಿಫ್ತೀ ಅವರ ನಂತರ 13ನೇ ಶತಮಾನದಲ್ಲೇ ಅಬುಲ್ ಫರಜ್ ಎಂಬ ಕ್ರೈಸ್ತ ವಿದ್ವಾಂಸ ಈ ಕಥೆಯನ್ನು ತನ್ನ ಅರಬ್ಬಿ ಇತಿಹಾಸದಲ್ಲಿ ಸೇರಿಸಿದ. 1663ರಲ್ಲಿ ಎಡ್ವರ್ಡ್ ಪೊಕಾಕ್ ಆ ಗ್ರಂಥವನ್ನು ಲ್ಯಾಟಿನ್ ಅನುವಾದದೊಂದಿಗೆ ಆಕ್ಸ್‌ಫರ್ಡಿನಲ್ಲಿ ಪ್ರಕಟಿಸಿದರು. ಅಲ್ಲಿಂದ ಕಥೆ ಯುರೋಪಿನ ತುಂಬ ಹರಡಿತು. ಅದನ್ನು ಸಂಶಯದಿಂದ ನೋಡಿದವರೂ ಯುರೋಪಿನವರೇ. ರೋಮನ್ ಸಾಮ್ರಾಜ್ಯದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್ 1788ರಲ್ಲಿ ಪ್ರಕಟವಾದ ಸಂಪುಟದಲ್ಲಿ ಇದನ್ನು ನಂಬಲು ಒಪ್ಪಲಿಲ್ಲ. ಗಿಬ್ಬನ್ ಇಸ್ಲಾಮಿನ ಅನುಯಾಯಿಯಲ್ಲ, ಮೆಚ್ಚಿಸುವ ಹಂಗೂ ಅವರಿಗಿರಲಿಲ್ಲ. 1902ರಲ್ಲಿ ಆಲ್‌ಫ್ರೆಡ್ ಬಟ್ಲರ್ ಅರಬರ ಈಜಿಪ್ಟ್ ವಿಜಯದ ಬಗ್ಗೆ ಬರೆದ ಗ್ರಂಥದಲ್ಲಿ ಪುರಾವೆಗಳನ್ನೆಲ್ಲ ತೂಗಿ ಕಥೆಯನ್ನು ತಳ್ಳಿಹಾಕಿದರು. ಅದಕ್ಕೆ ಮೊದಲೇ, 19ನೇ ಶತಮಾನದ ಕೊನೆಯಲ್ಲಿ, ಅಲಿಗಢದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅಲ್ಲಾಮಾ ಶಿಬ್ಲಿ ನುಅಮಾನಿ ಅವರು ‘ಕುತುಬ್‌ಖಾನಾ ಎ ಇಸ್ಕಂದರಿಯಾ’ ಎಂಬ ಉರ್ದು ಪ್ರಬಂಧದಲ್ಲಿ ಇದೇ ವಿಷಯವನ್ನು ಚರ್ಚಿಸಿ ಕಥೆಗೆ ಆಧಾರವಿಲ್ಲವೆಂದು ವಾದಿಸಿದ್ದರು.

ತಕ್ಕಡಿಯ ಇನ್ನೊಂದು ತಟ್ಟೆ

ಇಲ್ಲಿಗೆ ಲೇಖನ ಮುಗಿಸಿದರೆ ನಮಗೆಲ್ಲ ಸಂತೋಷವಾಗುತ್ತದೆ. ಆದರೆ ಹಾಗೆ ಮುಗಿಸಿದರೆ ನಾವು ಕಲಿತದ್ದು ಅರ್ಧವೇ.

ಮೊದಲನೆಯದಾಗಿ, ‘ಇದು ವೈರಿಗಳು ಕಟ್ಟಿದ ಕಥೆ’ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಅದೂ ಪರೀಕ್ಷೆಗೆ ನಿಲ್ಲುವುದಿಲ್ಲ. ಅಬ್ದುಲ್ ಲತೀಫ್ ಮುಸ್ಲಿಮರು, ಇಬ್ನುಲ್ ಖಿಫ್ತೀ ಮುಸ್ಲಿಮರು. ಇತಿಹಾಸದ ವರದಿಗಳನ್ನು ಲೆಕ್ಕ ಹಾಕಿ ಪರೀಕ್ಷಿಸಬೇಕೆಂದು ‘ಮುಖದ್ದಿಮಾ’ದಲ್ಲಿ ಜಗತ್ತಿಗೆ ಪಾಠ ಹೇಳಿದ ಇಬ್ನ್ ಖಲ್ದೂನ್, ಮೂಸಾ(ಅ) ಅವರ ಸೈನ್ಯದಲ್ಲಿ ಆರು ಲಕ್ಷ ಜನರಿದ್ದರೆಂಬ ಮಾತನ್ನೇ ಪ್ರಶ್ನಿಸಿದವರು. ಅವರೂ ಅದೇ ಗ್ರಂಥದಲ್ಲಿ ಹಝ್ರತ್ ಉಮರ್ ಅವರ ಆಜ್ಞೆಯಂತೆ ಪರ್ಷಿಯಾದ ಪುಸ್ತಕಗಳನ್ನು ನೀರಿಗೆ ಹಾಕಲಾಯಿತೆಂದು ಬರೆದಿದ್ದಾರೆ! ಒಂದೇ ಬಗೆಯ ಕಥೆ ಒಂದು ಕಡೆ ಬೆಂಕಿಯಾಗಿ, ಇನ್ನೊಂದು ಕಡೆ ನೀರಾಗಿ ತಿರುಗುತ್ತಿತ್ತು. ದೊಡ್ಡವರು ಬರೆದರೆಂಬ ಕಾರಣಕ್ಕೆ ಮಾತು ನಿಜವಾಗುವುದಿಲ್ಲ. ನಮ್ಮವರು ಬರೆದರೆಂಬ ಕಾರಣಕ್ಕೂ ಆಗುವುದಿಲ್ಲ.

ಹಾಗಾದರೆ ಮುಸ್ಲಿಂ ಲೇಖಕರು ಇಂಥ ಕಥೆಯನ್ನು ಏಕೆ ಹೇಳಿದರು? ಇತಿಹಾಸಕಾರ ಬರ್ನಾರ್ಡ್ ಲೂಯಿಸ್ 1990ರಲ್ಲಿ ಒಂದು ಊಹೆ ಮುಂದಿಟ್ಟರು. 1171ರಲ್ಲಿ ಸಲಾಹುದ್ದೀನ್ ಅಯ್ಯೂಬಿ ಕೈರೋದ ಫಾತಿಮೀ ಆಳ್ವಿಕೆಯನ್ನು ಕೊನೆಗಾಣಿಸಿದ ನಂತರ ಅವರ ದೊಡ್ಡ ಗ್ರಂಥ ಭಂಡಾರ ಮಾರಾಟವಾಗಿ ಚದುರಿಹೋಯಿತು. ಹಿಂದೆ ಖಲೀಫರೇ ಹೀಗೆ ಮಾಡಿದ್ದರು ಎಂಬ ಕಥೆ ಆ ಕಾಲದಲ್ಲಿ ಸಮರ್ಥನೆಗೆ ಅನುಕೂಲವಾಗಿರಬಹುದು ಎಂಬುದು ಅವರ ಮಾತು. ಇದು ಊಹೆಯೇ, ಸಾಬೀತಾದ ಸಂಗತಿಯಲ್ಲ. ಆದರೆ ಓದುವಾಗ ಕೇಳಬೇಕಾದ ಪ್ರಶ್ನೆಯೊಂದನ್ನು ಅದು ಕಲಿಸುತ್ತದೆ: ಈ ಮಾತು ಹೇಳಿದ್ದರಿಂದ ಹೇಳಿದವರ ಕಾಲದಲ್ಲಿ ಯಾರಿಗೆ ಉಪಯೋಗ?

ಎರಡನೆಯದಾಗಿ, ನಮ್ಮ ಕೆಲವು ಭಾಷಣಕಾರರು ಉತ್ಸಾಹದಿಂದ ‘ಗ್ರಂಥಾಲಯವನ್ನು ಸುಟ್ಟವರು ಕ್ರೈಸ್ತರು’ ಎನ್ನುತ್ತಾರೆ. ಅವರು ಹೇಳುವುದು ಸುಮಾರು 391ರಲ್ಲಿ ಬಿಷಪ್ ಥಿಯೋಫಿಲಸ್‌ನ ಕಾಲದಲ್ಲಿ ಸೆರಾಪಿಸ್ ದೇವಾಲಯ ನಾಶವಾದ ಘಟನೆಯನ್ನು. ದೇವಾಲಯ ನಾಶವಾದದ್ದು ನಿಜ. ಮೊದಲು ಅಲ್ಲಿ ಪುಸ್ತಕಗಳಿದ್ದವು ಎಂಬುದೂ ನಿಜ. ಆದರೆ ಆ ದಿನ ಅಲ್ಲಿ ಪುಸ್ತಕಗಳಿದ್ದವೇ? ನಾಶವನ್ನು ವರ್ಣಿಸಿದ ಕ್ರೈಸ್ತ ಲೇಖಕರು ಪುಸ್ತಕಗಳ ಸುದ್ದಿ ಎತ್ತುವುದಿಲ್ಲ. ಕ್ರೈಸ್ತ ಸನ್ಯಾಸಿಗಳನ್ನು ಕಟುವಾಗಿ ಟೀಕಿಸಿದ, ಹಳೆಯ ಧರ್ಮದ ಯುನಾಪಿಯಸ್ ಕೂಡ ಎತ್ತುವುದಿಲ್ಲ. ದೇವಾಲಯಗಳಲ್ಲಿ ಬರಿದಾದ ಪುಸ್ತಕದ ಕಪಾಟುಗಳನ್ನು ಕಂಡೆನೆಂದು ಒರೋಸಿಯಸ್ ಎಂಬ ಕ್ರೈಸ್ತ ಲೇಖಕ ಕೆಲವು ವರ್ಷಗಳ ನಂತರ ಬರೆದದ್ದುಂಟು, ಆದರೆ ಅದು ಯಾವ ದೇವಾಲಯವೆಂಬುದು ಸ್ಪಷ್ಟವಿಲ್ಲ. ಓದುಗರೇ, ಗಮನಿಸಿ. ಸಮಕಾಲೀನರ ಮೌನ ಅಮ್ರ್ ಅವರ ಪರವಾಗಿ ಸಾಕ್ಷಿಯಾದರೆ, ಅದೇ ಮೌನ ಥಿಯೋಫಿಲಸ್‌ನ ಪರವಾಗಿಯೂ ಸಾಕ್ಷಿಯೇ. ನಮಗೊಂದು ತೂಕ, ಪರರಿಗೊಂದು ತೂಕ ಇಟ್ಟುಕೊಂಡವನು ವ್ಯಾಪಾರದಲ್ಲಿ ಮೋಸಗಾರ. ಇತಿಹಾಸದಲ್ಲೂ ಅಷ್ಟೇ.

ಮೂರನೆಯದಾಗಿ, ನಮ್ಮ ಇತಿಹಾಸದಲ್ಲಿ ಪುಸ್ತಕ ಸುಟ್ಟವರೇ ಇಲ್ಲವೆಂದೂ ಹೇಳುವಂತಿಲ್ಲ. 10ನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿ ಖಲೀಫಾ ಎರಡನೆಯ ಹಕಮ್ ಕಟ್ಟಿದ ಅಮೋಘ ಗ್ರಂಥಾಲಯದಿಂದ ತತ್ವಶಾಸ್ತ್ರದ ಪುಸ್ತಕಗಳನ್ನು ಆರಿಸಿ ನಾಶ ಮಾಡಿಸಿದವರು ಅಲ್ಲಿನ ಅಧಿಕಾರಸ್ಥ ಮನ್ಸೂರ್. ಅದನ್ನು ಬರೆದಿಟ್ಟವರು 11ನೇ ಶತಮಾನದ ಸ್ಪೇನಿನ ಖಾಝಿ ಸಾಇದ್ ಅಂದಲುಸೀ. ಘಟನೆಗೂ ಬರಹಕ್ಕೂ ಒಂದು ಶತಮಾನದಷ್ಟೂ ಅಂತರವಿಲ್ಲ, ಬರೆದವರು ಅದೇ ದೇಶದವರು, ತಮ್ಮವರ ವಿರುದ್ಧವೇ ಸಾಕ್ಷಿ ಹೇಳಿದವರು. ಅಲೆಕ್ಸಾಂಡ್ರಿಯಾದ ಕಥೆಯನ್ನು ಬಿಡಿಸಿದ ಅದೇ ಪರೀಕ್ಷೆ ಈ ಮಾತನ್ನು ಒಪ್ಪು ಎನ್ನುತ್ತದೆ. ಒಪ್ಪಬೇಕು.

ನಮ್ಮ ಶ್ರೀರಂಗಪಟ್ಟಣದ ಉದಾಹರಣೆ

ನಿಜವಾಗಿ ನಡೆದ ಘಟನೆ ಎಂಥ ಗುರುತುಗಳನ್ನು ಬಿಟ್ಟು ಹೋಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನರ ಗ್ರಂಥಾಲಯದ ಸುಮಾರು 2,000 ಹಸ್ತಪ್ರತಿಗಳು ಕಂಪನಿಯ ಕೈಗೆ ಹೋದವು. ಹತ್ತೇ ವರ್ಷಗಳಲ್ಲಿ, 1809ರಲ್ಲಿ, ಚಾರ್ಲ್ಸ್ ಸ್ಟೂವರ್ಟ್ ಅವುಗಳ ವಿವರಣಾತ್ಮಕ ಪಟ್ಟಿಯನ್ನು ಅಚ್ಚು ಹಾಕಿಸಿದರು. ಆ ಪುಸ್ತಕಗಳಲ್ಲಿ ಹೆಚ್ಚಿನವು ಕೊಂಡವಲ್ಲ, ಸವಣೂರು, ಕಡಪ, ಕರ್ನಾಟಿಕ್ ಪ್ರಾಂತಗಳಿಂದ ಕೊಳ್ಳೆಯಾಗಿ ಬಂದವು ಎಂದು ಅವರು ಹೇಳುತ್ತಾರೆ. ಸ್ಟೂವರ್ಟ್ ಕಂಪನಿಯ ಸೇವೆಯಲ್ಲಿದ್ದವರು, ಗೆದ್ದವರ ಕಡೆಯವರು. ಆದ್ದರಿಂದ ಈ ಮಾತನ್ನು ಸುಮ್ಮನೆ ನುಂಗಬೇಕಿಲ್ಲ. ನಮಗೆ ಹಿತವಾಗಿಲ್ಲವೆಂದು ಸುಮ್ಮನೆ ಉಗುಳಬೇಕೂ ಇಲ್ಲ. ಉಳಿದಿರುವ ಹಸ್ತಪ್ರತಿಗಳನ್ನು ತೆರೆದು, ಅವುಗಳ ಮೇಲಿನ ಮುದ್ರೆ, ಒಡೆಯರ ಹೆಸರು, ತಾರೀಖುಗಳನ್ನು ಓದಿ ಪರೀಕ್ಷಿಸಬಹುದು. ಅದಕ್ಕೆ ಪಾರ್ಸಿ ಓದಲು ಬರಬೇಕು. ಇದೇ ನಾಡಿನ ಪುಸ್ತಕಗಳ ಮೇಲೇನಿದೆ ಎಂದು ಓದಬಲ್ಲ ಎಷ್ಟು ಯುವಕ ಯುವತಿಯರು ಇಂದು ನಮ್ಮಲ್ಲಿದ್ದಾರೆ? ಇತಿಹಾಸವನ್ನು ತಿರುಚಿದ್ದಾರೆಂದು ದೂರುವವರು ನೂರು ಜನ ಇದ್ದಾರೆ. ಮೂಲ ದಾಖಲೆಯನ್ನು ಓದಬಲ್ಲವರು ಹತ್ತು ಜನ ಬೇಕಾಗಿದ್ದಾರೆ.

ವಿದ್ಯಾರ್ಥಿಗಳಿಗೆ ಐದು ಪ್ರಶ್ನೆಗಳು

ಪಠ್ಯಪುಸ್ತಕವಿರಲಿ, ಪತ್ರಿಕೆಯಿರಲಿ, ಮೊಬೈಲಿಗೆ ಬಂದ ಸಂದೇಶವಿರಲಿ, ಓದುವಾಗ ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಇದನ್ನು ಮೊದಲು ಹೇಳಿದವರು ಯಾರು? ಘಟನೆಗೂ ಅವರಿಗೂ ಎಷ್ಟು ವರ್ಷಗಳ ಅಂತರ?
2. ಹತ್ತಿರದಲ್ಲಿದ್ದವರು ಏನು ಹೇಳುತ್ತಾರೆ? ಅವರು ಸುಮ್ಮನಿದ್ದರೆ ಏಕೆ?
3. ಸಂಖ್ಯೆಗಳು, ತಾರೀಖುಗಳು, ವಯಸ್ಸುಗಳು ಲೆಕ್ಕಕ್ಕೆ ಕೂಡುತ್ತವೆಯೇ?
4. ಇದನ್ನು ನಂಬಿದರೆ ಯಾರಿಗೆ ಲಾಭ?
5. ಇದೇ ಮಾತನ್ನು ನನ್ನವರ ಬದಲು ಬೇರೆಯವರ ಬಗ್ಗೆ ಹೇಳಿದ್ದರೆ ನಾನು ಇಷ್ಟೇ ಪುರಾವೆ ಕೇಳುತ್ತಿದ್ದೆನೇ?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ನೋವು ತರುವ ಮಾತನ್ನು ನಾವು ಹೇಗೂ ಪರೀಕ್ಷಿಸುತ್ತೇವೆ, ಏಕೆಂದರೆ ಅದು ಸುಳ್ಳಾಗಲಿ ಎಂಬ ಆಸೆ ಇರುತ್ತದೆ. ಹಿತವಾದ ಮಾತನ್ನು ಓದುವ ಮೊದಲೇ ಹತ್ತು ಜನರಿಗೆ ಕಳುಹಿಸಿ ಆಗಿರುತ್ತದೆ. ನಮ್ಮ ಪೂರ್ವಜರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎನ್ನುವ ಸಂದೇಶಕ್ಕೂ ಯಾರೋ ನಮ್ಮನ್ನು ಹೀಯಾಳಿಸಿದ ಸಂದೇಶಕ್ಕೂ ತಕ್ಕಡಿ ಒಂದೇ ಇರಬೇಕು.

ಪ್ರಾಚೀನ ಗ್ರಂಥಾಲಯದ ನೆನಪಿಗಾಗಿ 2002ರ ಅಕ್ಟೋಬರಿನಲ್ಲಿ ಅಲೆಕ್ಸಾಂಡ್ರಿಯಾದ ಸಮುದ್ರ ತೀರದಲ್ಲಿ ಒಂದು ಹೊಸ ಗ್ರಂಥಾಲಯ ಉದ್ಘಾಟನೆಯಾಯಿತು. ಹಳೆಯದನ್ನು ಸುಟ್ಟವರು ಯಾರೆಂದು ಜಗಳವಾಡುವುದಕ್ಕಿಂತ ಹೊಸದನ್ನು ಕಟ್ಟುವುದು ಮೇಲು. ಕಟ್ಟಿದ ಮೇಲೆ ಅದರೊಳಗೆ ಕುಳಿತು ಪ್ರಶ್ನೆ ಕೇಳುತ್ತಾ ಓದುವುದು ಇನ್ನೂ ಮೇಲು. ನಮ್ಮ ಸಂಸ್ಥೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ‘ಪುಸ್ತಕದಲ್ಲಿದೆ ಸರ್’ ಎಂಬಲ್ಲಿಗೆ ನಿಲ್ಲದೆ, ‘ಆದರೆ ಬರೆದವರಿಗೆ ಹೇಗೆ ಗೊತ್ತಾಯಿತು ಸರ್?’ ಎಂದು ಅಧ್ಯಾಪಕರನ್ನೇ ಕೇಳುವಂತಾಗಲಿ. ಉತ್ತರ ಹೇಳಲು ನಾವು ಅಧ್ಯಾಪಕರು ಸ್ವಲ್ಪ ಹೆಚ್ಚು ಓದಬೇಕಾಗುತ್ತದೆ, ಅಷ್ಟೇ.